ಸಪ್ಪೆ ಸಾರು

ಪಾರ್ಕಿನ್ಸನ್ ಹಿಡಿದ ಅತ್ತೆ ಎದ್ದು ನಿಂತರೆ ಸಾಕು, ಬಿಪಿ ಕುಸಿದು ಕಣ್ಣು ಕತ್ತಲಿಡುತ್ತಿತ್ತು. ಊಟಕ್ಕೆ ಉಪ್ಪು ಜಾಸ್ತಿ ಹಾಕಿ ಎಂದಿದ್ದರು ಡಾಕ್ಟರು. ಆದರೆ ಮಾವನಿಗೆ ಏರುವ ಬಿಪಿ. ಹಾಗಾಗಿ ಇಡೀ ಮನೆಗೆ ಸಪ್ಪೆ ಸಾರು.

"ಅತ್ತೆ ತಟ್ಟೆಗೆ ಮಾತ್ರ ಚೂರು ಉಪ್ಪು ಹಾಕ್ತೀನಿ ಮಾವ," ಎಂದಳು ಶಶಿಕಲಾ.

"ಗಂಡ ಸಪ್ಪೆ ಉಣ್ಣೋವಾಗ ಇವಳ ನಾಲಿಗೆಗೆ ರುಚಿ ಬೇಕಾ?"

ಅಂದೇ ಉಪ್ಪಿನ ಡಬ್ಬಿ ಬೀರು ಸೇರಿತು, ಬೀಗದ ಕೈ ಮಾವನ ಉಡಿದಾರ ಸೇರಿತು.

ತಿಂಗಳೊಳಗೆ ಅತ್ತೆ, ಉಂಡು ಎದ್ದವರು ಹಾಗೇ ಕುಸಿದರು. ಒರಳುಕಲ್ಲಿಗೆ ತಲೆ ಬಡಿಯಿತು. ಮತ್ತೆ ಏಳಲಿಲ್ಲ.

ಹನ್ನೊಂದನೇ ದಿನ ಅತ್ತೆಯ ಫೋಟೋದ ಮುಂದೆ ಎಲೆ ಹಾಕಿ ಶಶಿಕಲಾ ಅನ್ನ ಬಡಿಸಲು ಬಗ್ಗಿದಳು. ಮಾವ ಉಡಿದಾರದಿಂದ ಬೀಗದ ಕೈ ಬಿಚ್ಚಿ ಅವಳ ಮುಂದೆ ಎಸೆದರು.

"ಎಲೆಗೆ ಮೊದ್ಲು ಉಪ್ಪು ಬೀಳ್ಬೇಕು ಅಂತಾನೂ ಗೊತ್ತಿಲ್ವೇನಮ್ಮ ನಿಂಗೆ?"