ಪ್ರಮಾಣದ ದನಿ

ಯಾರ ಸಾವಿನ ವಿಚಾರಣೆಯೋ ಅವರ ದನಿಯಲ್ಲೇ ಸಾಕ್ಷಿ ಹೇಳಬೇಕು. ಶಾಸಕರ ಸಮಿತಿಯ ಮುಂದೆ ಪ್ರಮಾಣ ಮಾಡಿದ ಕೂಡಲೇ ಗಂಟಲು ತಾನಾಗಿ ಬದಲಾಗುತ್ತದೆ. ಸಮಿತಿಯ ಅಧ್ಯಕ್ಷರು ಆ ಪ್ರಮಾಣ ಇಳಿಸಿ ಬಿಡುಗಡೆ ಮಾಡುವವರೆಗೂ ಹಾಗೇ ಇರುತ್ತದೆ. ಬಣ್ಣದ ಕಾರ್ಖಾನೆಯ ಎಂಡಿಗೆ ಬಂದದ್ದು, ಅಲ್ಲಿ ಬಾಯ್ಲರ್ ಸಿಡಿದು ಸತ್ತ ಫಕೀರಪ್ಪನ ದನಿ.

ಅವನ ಹೆಂಡತಿ ನೀಲವ್ವ ಪ್ರತಿ ವಿಚಾರಣೆಗೂ ಗದಗಿನಿಂದ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಎಂಡಿ ಸುತ್ತಿಬಳಸಿ ಮಾತಾಡಿದಷ್ಟೂ ಅವಳಿಗೆ ಒಳಗೊಳಗೇ ಹಿತ. ತಪ್ಪು ಒಪ್ಪಿಕೊಂಡುಬಿಟ್ಟರೆ ವಿಚಾರಣೆಯೇ ಮುಗಿದುಹೋಗುತ್ತದಲ್ಲ!

ಇವತ್ತು ಅವನು ಒಪ್ಪಿಕೊಂಡ. "ಬಾಯ್ಲರ್ ಕೆಟ್ಟಿದ್ದು ನನಗೆ ಗೊತ್ತಿತ್ತು. ನಿಲ್ಲಿಸಬೇಡಿ, ನಡೆಸಿ ಅಂದವನೂ ನಾನೇ."

ಅಧ್ಯಕ್ಷರು ನೀಲವ್ವನತ್ತ ತಿರುಗಿದರು. "ನೀವೇನಾದರೂ ಕೇಳೋದಿದೆಯಾ ತಾಯಿ?"

ಅವಳು ಎದ್ದು ನಿಂತಳು. "'ನೀಲಾ, ಊಟ ಆತೇನ' ಅಂತ ಒಮ್ಮೆ ಕೇಳಾಕ ಹೇಳ್ರಿ ಸಾಹೇಬ್ರ."

ವಕೀಲರು ತಡೆಯುವ ಮೊದಲೇ ಎಂಡಿ ತಲೆ ತಗ್ಗಿಸಿ ಕೇಳಿದ, "ನೀಲಾ, ಊಟ ಆತೇನ?"

"ಇನ್ನೂ ಇಲ್ರೀ," ಅಂದಳು. "ನೀವು ಬರ್ಲಿ ಅಂತ ಕುಂತೀನಿ."

ಅಧ್ಯಕ್ಷರು ಪ್ರಮಾಣ ಇಳಿಸಿದರು. ಎಂಡಿ ಕೈಮುಗಿದು, ತನ್ನ ಸ್ವಂತ ದನಿಯಲ್ಲಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನೀಲವ್ವ ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡು ಬಾಗಿಲು ದಾಟಿಯಾಗಿತ್ತು.