ಐದು ವರ್ಷದ ಕುಸುರೆಳ್ಳು

ಶೈಲಶ್ರೀ ಸಣ್ಣ ಕೆಂಡದ ಮೇಲೆ ಪರಾತ ಇಟ್ಟು, ಎಳ್ಳಿಗೆ ಸಕ್ಕರೆ ಪಾಕ ಹನಿಸುತ್ತ ಬೆರಳ ತುದಿಯಿಂದ ತಿರುವುತ್ತಿದ್ದಳು. ಸಂಕ್ರಾಂತಿ ಹತ್ತಿರ ಬಂದಿತ್ತು; ಪರಿಚಯದವರಿಗೆಲ್ಲ ಕುಸುರೆಳ್ಳು ಅಂಚೆಗೆ ಹಾಕಬೇಕು. ಲಕೋಟೆ ತರಲು ಒಳಗೆ ಹೋದ ಅತ್ತೆ ಲಕ್ಕವ್ವ, ಟ್ರಂಕಿನಿಂದ ನಾಲ್ಕು ಹಳೆಯ ಲಕೋಟೆ ಹಿಡಿದು ಬಂದಳು. ನಾಲ್ಕರ ಮೇಲೂ ಒಂದೇ ವಿಳಾಸ: ಸಂಪದಾ, ಹೊಲಿಗೆ ತರಬೇತಿ ಕೇಂದ್ರ, ಬಸವನ ಬಾಗೇವಾಡಿ.

“ಸಂಪದಾ ನಿನ್ನ ಕೂಡ ಹೊಲಿಗಿ ಕಲಿತಾಕಿ ಅಲ್ಲೇನು? ಇವನ್ನ ಯಾಕ ಹಾಕಿಲ್ಲ?”

“ಆಕಿ ಈಗ ಅಲ್ಲಿ ದೊಡ್ಡ ಮೇಡಮ್ ಆಗ್ಯಾಳ್ರಿ ಅತ್ತಿ. ಕೆಲಸಕ್ಕ ಬೆಣ್ಣಿ ಹಚ್ಚಾಕತ್ತಾಳ ಅಂತ ತಿಳ್ಕೊಂಡಾಳು ಅಂತ ಬಿಟ್ಟೆ. ಈಗ ಖರೇನ ಅಲ್ಲಿ ಟೀಚರ್ ಜಾಗ ಖಾಲಿ ಐತಿ. ನನಗ ಬೇಕೂ ಐತಿ. ಈಗಂತೂ ಹ್ಯಾಂಗ ಬರೀಲಿ?”

“ಬ್ಯಾಡಾದಾಗ ಹಾಕಲಿಲ್ಲ, ಬೇಕಾದಾಗ ಹಾಕಂಗಿಲ್ಲ. ಆಕಿ ಹಲ್ಲು ಬಿದ್ದ ಮ್ಯಾಲ ಎಳ್ಳು ಕಳಸ್ತೀಯೇನು?”

ಶೈಲಶ್ರೀಗೆ ನಗು ಬಂತು. ಕೈ ಒರೆಸಿಕೊಂಡು ಲಕೋಟೆಗಳನ್ನು ಒಂದೊಂದಾಗಿ ಬಿಚ್ಚಿದಳು. ಮೊದಲನೆಯದರ ತಾರೀಕು ೧೯೯೪ರದು. ಕುಸುರೆಳ್ಳು ಹಳದಿ ತಿರುಗಿತ್ತು. ‘ನಿನ್ನ ಕತ್ತರಿ ಇನ್ನೂ ನನ್ನ ಹತ್ತಿರವೇ ಇದೆ’ ಎಂದು ಬರೆದಿದ್ದಳು. ನಾಲ್ಕೂ ಪತ್ರಗಳಲ್ಲಿ ಎಲ್ಲಿಯೂ ಕೆಲಸದ ಸುದ್ದಿ ಇರಲಿಲ್ಲ.

ಹೊಸ ಹಾಳೆ ತೆಗೆದು ಬರೆದಳು: ‘ಸಂಪದಾ, ನಾಲ್ಕು ವರ್ಷದ ಪತ್ರ ಒಮ್ಮೆಲೇ ಕಳಿಸಿದ್ದೇನೆ. ಈ ಐದನೆಯದರಲ್ಲಿ ಮಾತ್ರ ಕೆಲಸ ಕೇಳಿದ್ದೇನೆ.’ ಅದರೊಳಗೆ ಈ ವರ್ಷದ ಕುಸುರೆಳ್ಳು ಇಟ್ಟು, ಐದನ್ನೂ ಒಂದು ದೊಡ್ಡ ಕವರಿಗೆ ಹಾಕಿ ಸಿಂದಗಿ ಪೋಸ್ಟಿಗೆ ನಡೆದಳು. ಹೊರಗಿನ ಅಂಚೆ ಡಬ್ಬಿಯ ಬಾಯಿಗೆ ಕವರು ಹಿಡಿಸಲಿಲ್ಲ. ಅವಳು ಮನೆಗೆ ತಿರುಗಲಿಲ್ಲ. ಒಳಗೆ ಹೋಗಿ, “ತೂಕ ಹಾಕ್ರಿ” ಎಂದು ಕಿಟಕಿಯಲ್ಲಿ ಕೊಟ್ಟಳು.