ಆಫೀಸು ತೆಗಿ

"ಮಾಮ, ಟೈಪು ಮಾಡೋ ಈ ಓಪನ್ ಆಫೀಸು ತೆಗೀಲಾ?" ಕಂಪ್ಯೂಟರಿನ ಮುಂದೆ ಕೂತಿದ್ದ ಮಲ್ಲಿಕ್ ಕೇಳಿದ.

ಮಂಚದ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ ಅಕ್ಕನ ಮಾವ ಜಯದೇವಪ್ಪನವರು ತಲೆ ಎತ್ತಲಿಲ್ಲ. "ತೆಗಿಯಪ್ಪ. ಅದಕ್ಯಾಕೆ ಕೇಳ್ತೀಯಾ?" ಎಂದರು.

ಚಳ್ಳಕೆರೆ ಕಡೆ ಬಾಗಿಲನ್ನೂ ತೆಗೆಯುತ್ತಾರೆ, ಹೊಲದ ಕಳೆಯನ್ನೂ ತೆಗೆಯುತ್ತಾರೆ. ಜಯದೇವಪ್ಪನವರು ಬಾಗಿಲು ತೆಗೆದ ಹಾಗೆ ತೆಗಿ ಅಂದಿದ್ದರು. ಮಲ್ಲಿಕ್ ಕಳೆ ತೆಗೆದ ಹಾಗೆ ತೆಗೆದ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವನಕ್ಕ ದೀಪಿಕಾಗೆ ಇಬ್ಬರ ಮಾತೂ ಅರ್ಥವಾಗಿ, "ಲೇ, ತಡಿಯೋ!" ಅನ್ನುವಷ್ಟರಲ್ಲಿ ಕೆಲಸ ಮುಗಿದೇ ಹೋಗಿತ್ತು.

"ಯಾಕಕ್ಕ ಹಂಗೆ ಕೂಗ್ತೀಯಾ? ಎಣ್ಣೆ ಮಿಲ್ಲಾಗೆ ದುಡಿದು ದುಡಿದು ಸೋತು ಮನೆಗೆ ಬಂದಿರೋ ಕಂಪ್ಯೂಟರಿದು. ಹೋದ್ಸಲ ಬಂದಾಗ ಲಿನಕ್ಸ್ ಹಾಕ್ಕೊಟ್ಟೆ, ಜೀವ ಬಂತು. ಇಂಥ ಮುದುಕನ ತಲೆ ಮೇಲೆ ಅಷ್ಟು ದೊಡ್ಡ ಆಫೀಸು ಹೊರಿಸ್ಬಾರ್ದಿತ್ತು, ನಂದೇ ತಪ್ಪು. ಈಗ ಅದರ ಬದ್ಲು ಅಬಿವರ್ಡ್ ಹಾಕಿದೀನಿ. ಅದ್ರಂಗೆ ಇದೂ ಪುಕ್ಕಟೆ. ಹಗೂರ ಐತೆ, ಕಣ್ಣು ಮುಚ್ಚಿ ಬಿಡೋದ್ರಾಗೆ ಬರ್ತೈತೆ."

ಏನು ಹೋಯಿತೆಂದು ದೀಪಿಕಾ ತಮ್ಮನಿಗೆ ಹೇಗೆ ಹೇಳುವುದು? ಮಿಲ್ಲನ್ನು ಮಗ ವೀರೇಶನ ಕೈಗೆ ಕೊಟ್ಟ ಮೇಲೆ ಮಾವನವರು ಶಿವಾನುಭವ ಸಮಿತಿಯ ಕಾರ್ಯದರ್ಶಿಯಾಗಿದ್ದರು. ತಿಂಗಳಿಗೊಂದು ಗೋಷ್ಠಿ, ಆ ಗೋಷ್ಠಿಯ ಆಮಂತ್ರಣಕ್ಕೆ ದಿನಕ್ಕೊಂದು ತಿದ್ದುಪಡಿ! ಅವರು ಹೇಳಬೇಕು, ಸೊಸೆ ಟೈಪು ಮಾಡಬೇಕು. ಮದುವೆಯಾಗಿ ಬಂದಾಗಿನಿಂದ ಅವಳು ಮಾವನ ಎದುರು ಒಂದು ದಿನವೂ ಕೂತವಳಲ್ಲ. ಕೂರಬಾರದೆಂದು ತವರಿನಲ್ಲಿ ಅವ್ವ ಹೇಳಿಕೊಟ್ಟಿದ್ದಳು. ಅತ್ತೆ ಕೊಟ್ರಮ್ಮ ಅವಳು ಬರುವ ಮೊದಲೇ ತೀರಿಕೊಂಡಿದ್ದರು, ಮಾವನ ಮಾತೂ "ನೀರು ಕೊಡವ್ವ", "ಊಟ ಆಯ್ತವ್ವ" ಅನ್ನುವಲ್ಲಿಗೆ ನಿಂತಿತ್ತು.

ಹಾಗಿದ್ದ ಮನೆಗೆ ಈ ಆಫೀಸು ಬಂತು. ಒತ್ತಿದರೆ ಹಕ್ಕಿ ಹಾರುವ ಚಿತ್ರವೊಂದು ಮೂಡುತ್ತಿತ್ತು. ಅದರ ಕೆಳಗೆ ನೀಲಿ ಪಟ್ಟಿಯೊಂದು ಗಾಣದ ಎತ್ತಿನ ಹಾಗೆ ನಿಂತು ನಿಂತು ಹೋಗುತ್ತಿತ್ತು. ಮೊದಲ ದಿನ ದೀಪಿಕಾ ನಿಂತೇ ಕಾದಳು. ಮಾರನೆಯ ದಿನ ಮಾವನೇ, "ಅದು ಯಾವಾಗ ಬರ್ತೈತೋ ಏನೋ, ಕುಂತ್ಕೊಳ್ಳವ್ವ" ಎಂದರು. ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಇಬ್ಬರೂ ಸುಮ್ಮನೆ ಎಷ್ಟು ಹೊತ್ತು ಪಟ್ಟಿ ನೋಡುವುದು? "ರಾಂಪುರದಾಗೆ ನಿಮ್ಮನೆ ಯಾವ ಕಡೆ ಬರ್ತೈತವ್ವ?" ಎಂದು ಕೇಳಿದರು. ಅತ್ತೆಯ ತವರೂ ರಾಂಪುರವೇ.

ಅಲ್ಲಿಂದ ಶುರುವಾಯಿತು ನೋಡಿ. ಕೊಟ್ರಮ್ಮ ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಿದ್ದರಂತೆ, ತಣ್ಣಗಾದ ಮೇಲೆ ಕನ್ನಡಕ್ಕೆ ಬರುತ್ತಿದ್ದರಂತೆ. ಮೊಳಕಾಲ್ಮೂರಿಗೆ ಹೋಗಿ ಅಂಗಡಿಯವನ ಸೀರೆಯನ್ನೆಲ್ಲ ಹರವಿಸಿ, ಕಡೆಗೆ ಮೊದಲು ತೋರಿಸಿದ್ದನ್ನೇ ತಂದರಂತೆ. ಮಾವ ಹೇಳುವಾಗ ಅವರ ಮುಖ ಮದುವೆ ಗಂಡಿನದಾಗುತ್ತಿತ್ತು, ದೀಪಿಕಾ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಪುಟ ತೆರೆದುಕೊಂಡದ್ದೇ ಕಥೆ ನಿಲ್ಲುತ್ತಿತ್ತು. "ಹ್ಞೂಂ, ಬರ್ಕೊಳ್ಳವ್ವ, ಶರಣು ಶರಣಾರ್ಥಿಗಳು..." ಉಳಿದದ್ದು ನಾಳೆಗೆ. ನಿನ್ನೆಯ ಕಥೆಯಲ್ಲಿ ಹೊಸ ಮದುಮಕ್ಕಳಿಬ್ಬರೂ ಜಟಿಂಗ ರಾಮೇಶ್ವರನ ಬೆಟ್ಟವನ್ನು ಅರ್ಧ ಹತ್ತಿದ್ದರು. ಕೊಟ್ರಮ್ಮ ಬಂಡೆಯ ಮೇಲೆ ಕೂತು, "ನಾ ಇನ್ನು ಒಂದು ಹೆಜ್ಜೆನೂ ಇಡಾಕಿಲ್ಲ, ನಿಮ್ಮ ದೇವರನ್ನೇ ಇಲ್ಲಿಗೆ ಕರ್ಕೊಂಬರ್ರಿ" ಅಂದಲ್ಲಿಗೆ ಪುಟ ಬಂದುಬಿಟ್ಟಿತ್ತು.

"ಬಾರಕ್ಕ, ನೀನೇ ಒತ್ತಿ ನೋಡು" ಎಂದು ಮಲ್ಲಿಕ್ ಎದ್ದು ನಿಂತ.

ದೀಪಿಕಾ ಬಂದು ಒತ್ತಿದಳು. ಮಾವ ಅಡಕತ್ತರಿ ಪಕ್ಕಕ್ಕಿಟ್ಟು, "ನಿನ್ನೆ ಎಲ್ಲಿಗೆ ಬಂದಿದ್ವವ್ವ? ಹ್ಞಾ, ಬೆಟ್ಟದಾಗೆ..." ಎನ್ನುವಷ್ಟರಲ್ಲಿ ಬಿಳಿ ಪುಟ ಎದುರಿಗಿತ್ತು.

"ಬಂತು ಮಾವ."

"ಇಷ್ಟು ಬೇಗನಾ?"

ಅವಳು ಇನ್ನೂ ಕೂತಿರಲೇ ಇಲ್ಲ. ನಿಂತೇ ಟೈಪು ಮಾಡಿದಳು. ಗೋಷ್ಠಿಯ ವೇಳೆ ಬದಲಾಗಿತ್ತು, ಅಷ್ಟೇ ಕೆಲಸ. "ಸರಿ, ಹೋಗವ್ವ, ಒಲೆ ಮೇಲೆ ಏನಿಟ್ಟಿದೀಯೋ" ಎಂದರು ಮಾವ. ಅವಳು ಒಳಗೆ ಹೋಗಿ ಕುದಿಯುವ ಸಾರನ್ನು ಸುಮ್ಮಸುಮ್ಮನೆ ಕದಡುತ್ತಾ ನಿಂತಳು. ಹಾಳಾದ್ದು ಅಳು ಬಂತು. ನೋಡದ ಅತ್ತೆ ಬಂಡೆಯ ಮೇಲೆ ಕೂತೇ ಉಳಿದರಲ್ಲ!

ಪಡಸಾಲೆಯಲ್ಲಿ ಮಾವನ ದನಿ ಕೇಳಿತು. "ಮಲ್ಲಿಕ್, ನಮ್ಮ ಆಫೀಸೆಲ್ಲಯ್ಯ? ಹಕ್ಕಿ ಹಾರೋದು?"

"ತೆಗಿ ಅಂದ್ರಲ್ಲ ಮಾಮ, ತೆಗೆದೆ."

"ಅಯ್ಯೋ ಪುಣ್ಯಾತ್ಮ! ತೆಗಿ ಅಂದ್ರೆ ತೆರಿ ಅಂತ ಕಣೋ. ಕಿತ್ತುಹಾಕು ಅಂದ್ನಾ? ವಾಪಸ್ ಹಾಕು ಅದನ್ನ."

"ಅದು ಬಾಳ ನಿಧಾನ ಐತಲ್ಲ ಮಾಮ?"

"ಐತೆ. ಇರ್ಲಿ. ನಂದೇನು ಬಸ್ಸು ಹೋಗ್ತೈತಾ?"

ಮಲ್ಲಿಕ್ ಚೀಲದಿಂದ ಸೀಡಿ ಹುಡುಕಿ ಹಾಕಿದ. ಈ ಸಲ ಹುಷಾರಾಗಿ ಕೇಳಿದ. "ಹಂಗಾದ್ರೆ ಹೊಸದನ್ನ ತೆಗೀಲಾ? ಅಂದ್ರೆ, ಕಿತ್ತುಹಾಕ್ಲಾ?"

ಜಯದೇವಪ್ಪನವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಯೋಚಿಸಿದರು. "ಬ್ಯಾಡ, ಎರಡೂ ಇರ್ಲಿ. ಹೆಂಗೂ ಪುಕ್ಕಟೆ ಅಂದ್ಯಲ್ಲ. ನಿಮ್ಮಕ್ಕ ರಾಂಪುರಕ್ಕೆ ಹೋದಾಗ ಇದು. ಮನೇಲಿದ್ದಾಗ ಅದು."

ಸೀಡಿ ಗುರ್ರೆನ್ನತೊಡಗಿತು. ದೀಪಿಕಾ ಒಲೆ ಆರಿಸಿ, ಕಣ್ಣೊರೆಸಿಕೊಂಡು ಬಂದು, ಯಾರೂ ಹೇಳದೆಯೇ ಮಾವನ ಎದುರು ಕುರ್ಚಿ ಎಳೆದುಕೊಂಡು ಪೂರ್ತಿ ಕೂತಳು.

"ಆಮೇಲೆ ಅತ್ತೆ ಬೆಟ್ಟ ಹತ್ತಿದ್ರಾ ಮಾವ?"